ಅಜ್ಜಿಯ ಜಪಸರವನ್ನು ಮತ್ತೆ ಪೋಣಿಸಿಕೊಟ್ಟ ಅಶೋಕ ರಸ್ತೆಯ ಅಂಗಡಿ

ಅಜ್ಜಿ ತೀರಿಕೊಂಡು ವರ್ಷ ತುಂಬುವ ಪೂಜೆಗೆ ಮೊದಲು ಅವರ ಹರಿದ ಜಪಸರವನ್ನು (ಕ್ರೈಸ್ತರ ರೋಸರಿ ಮಾಲೆಯನ್ನು) ಸರಿಪಡಿಸಬೇಕೆಂದು ಅಮ್ಮ ಹಟ ಹಿಡಿದಾಗ, ಈ ಕೆಲಸವನ್ನು ಈಗಲೂ ಮಾಡುವವರು ಮೈಸೂರಿನಲ್ಲಿ ಇದ್ದಾರೆಯೇ ಎಂಬುದೇ ನಮಗೆ ಅನುಮಾನವಾಗಿತ್ತು. ಮೊದಲು ಹೋದ ಒಂದು ಅಂಗಡಿಯವರು, ನೂರು ರೂಪಾಯಿಗೆ ಹೊಸದೇ ಸಿಗುತ್ತದೆ ಎಂದು ಮಣಿಗಳಿದ್ದ ಡಬ್ಬಿಯ ಮುಚ್ಚಳವನ್ನೂ ತೆಗೆಯದೆ ಹಿಂದಕ್ಕೆ ಕೊಟ್ಟರು. ಅಲ್ಲಿಂದ ಹೊರಬಂದ ಅಮ್ಮನ ಮುಖವನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಆಮೇಲೆ ಚರ್ಚಿನಲ್ಲಿ ಮಾಮೂಲಿ ಪೂಜೆಗೆ ಬಂದಿದ್ದ ಹಿರಿಯರೊಬ್ಬರು ಸಂತ ಫಿಲೋಮಿನಾ ಚರ್ಚಿಗೆ ಹೋಗುವ ದಾರಿಯ ಈ ಪುಟ್ಟ ಅಂಗಡಿಯನ್ನು ತೋರಿಸಿಕೊಟ್ಟರು.

ಅಂಗಡಿಯ ಮಾಲೀಕರು ವಯಸ್ಸಾದವರು. ಅವರು ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ಡಬ್ಬಿಯಲ್ಲಿದ್ದುದನ್ನೆಲ್ಲ ಅದರ ಮೇಲೆ ಸುರಿದು, ಮಾತಿಲ್ಲದೆ ಎಣಿಸತೊಡಗಿದರು. ಜಪಸರವೊಂದಕ್ಕೆ 53 ಸಣ್ಣ ಮಣಿಗಳು ಮತ್ತು 6 ದೊಡ್ಡ ಮಣಿಗಳು, ಒಟ್ಟು 59 ಇರಬೇಕು. ನಮ್ಮಲ್ಲಿ ಉಳಿದಿದ್ದವು 57. ದೊಡ್ಡ ಮಣಿಗಳು ಹೆಚ್ಚುಕಡಿಮೆ ದುಂಡಗೇ ಉಳಿದಿದ್ದರೆ, ಮರಿಯಮ್ಮನವರ ಪ್ರಾರ್ಥನೆಯಾದ ನಮೋ ಮರಿಯ ಹೇಳುತ್ತ ಸರಿಸುವ ಸಣ್ಣ ಮಣಿಗಳು ಎರಡು ಬದಿಯಲ್ಲಿ ಸವೆದು, ಹೆಬ್ಬೆರಳಿನ ಗುರುತು ಹಿಡಿದಷ್ಟು ಚಪ್ಪಟೆಯಾಗಿದ್ದವು. ಅವರು ಒಂದನ್ನು ಬೆಳಕಿಗೆ ಹಿಡಿದು ನೋಡಿ, "ಅಮ್ಮಾ, ಯಾರು ಏನೇ ಹೇಳಿದರೂ ಇವನ್ನು ಬದಲಾಯಿಸಬೇಡಿ, ತಂತಿ ಮಾತ್ರ ಹೊಸದು ಹಾಕೋಣ" ಎಂದರು. ನಾನು ಈ ಅಂಗಡಿಯ ಬಗ್ಗೆ ಬರೆಯಲು ಆ ಒಂದು ಮಾತೇ ಸಾಕು.

ಆ ಸವೆತ ಎಷ್ಟು ವರ್ಷಗಳದ್ದು ಎಂಬುದನ್ನು ಇಲ್ಲಿ ಹೇಳಲೇಬೇಕು. ನಮ್ಮಜ್ಜಿ ಹುಟ್ಟಿದ್ದು 1930ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಈಗಿನ ಚರ್ಚಿಗೆ ಅಡಿಗಲ್ಲು ಹಾಕಿದ 1933ರಲ್ಲಿ ಅವರಿನ್ನೂ ಮೂರು ವರ್ಷದ ಮಗು. ಆ ಜೋಡಿ ಗೋಪುರಗಳೂ ತಾವೂ ಒಟ್ಟಿಗೇ ಬೆಳೆದೆವು ಎಂದು ಹೇಳಿಕೊಳ್ಳುವುದು ಅವರಿಗೆ ಬಹಳ ಪ್ರೀತಿಯ ವಿಷಯವಾಗಿತ್ತು. ಅರ್ಥ ತಿಳಿಯದಿದ್ದರೂ ಒಂದಕ್ಷರ ತಪ್ಪದಂತೆ ಲ್ಯಾಟಿನ್ ಪ್ರಾರ್ಥನೆಗಳನ್ನು ಕಲಿತಿದ್ದ ಅವರು, ಕಥೋಲಿಕ ಧರ್ಮಾಧ್ಯಕ್ಷರ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಚರ್ಚಿನ ಬಲಿಪೂಜೆ ಲ್ಯಾಟಿನ್‌ನಿಂದ ಕನ್ನಡಕ್ಕೆ ಬಂದಾಗ, ದೇವರು ಮನೆಯ ಮಾತಿನಲ್ಲಿ ಮಾತನಾಡಿದಂತಾಯಿತೆಂದು ಅತ್ತಿದ್ದರಂತೆ. ಜಪ ಮಾಡುತ್ತ ಧ್ಯಾನಿಸುವ ಯೇಸು ಮತ್ತು ಮರಿಯಮ್ಮನವರ ಬದುಕಿನ ಘಟನೆಗಳನ್ನು ರಹಸ್ಯಗಳೆನ್ನುತ್ತಾರೆ; ಸಂತೋಷದ, ದುಃಖದ ಮತ್ತು ಮಹಿಮೆಯ ರಹಸ್ಯಗಳ ಜೊತೆಗೆ ಬೆಳಕಿನ ಐದು ರಹಸ್ಯಗಳನ್ನು ಪೋಪ್ ಎರಡನೆಯ ಜಾನ್ ಪಾಲ್ ಸೇರಿಸಿದ್ದು 2002ರಲ್ಲಿ. ಆಗ ಅಜ್ಜಿಗೆ ಎಪ್ಪತ್ತೆರಡು. ಆ ಐದನ್ನು ನಾನು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ. ಅವರು ಅದನ್ನು ದೇವರ ಪೀಠದ ಪಕ್ಕದ ಗೋಡೆಗೆ ಅಂಟಿಸಿ, ಪ್ರತಿ ಗುರುವಾರ ಕನ್ನಡಕ ಏರಿಸಿಕೊಂಡು ಓದುತ್ತ, ಕೆಲವೇ ತಿಂಗಳಲ್ಲಿ ಹಾಳೆಯ ಹಂಗಿಲ್ಲದೆ ಹೇಳತೊಡಗಿದರು. ಮಕ್ಕಳ ಪರೀಕ್ಷೆ, ಅಜ್ಜನ ಕಾಯಿಲೆ, ಮಳೆ ಬಾರದ ವರ್ಷ, ಎಲ್ಲವೂ ಆ ಮಣಿಗಳ ಮೇಲೆಯೇ ಹಾದುಹೋಗಿವೆ. ಕೊನೆಯ ವರ್ಷ ಬೆರಳುಗಳು ನಡುಗಿ ಸರ ಹರಿದಾಗ, ಉಳಿದ ಮಣಿಗಳನ್ನು ಅವರೇ ಹೆಕ್ಕಿ ತಗಡಿನ ಡಬ್ಬಿಯಲ್ಲಿಟ್ಟಿದ್ದರು. ಮಣ್ಣು ಮಾಡುವಾಗ ಅವರ ಕೈಗೆ ಸುತ್ತಿದ್ದು ಬೇರೆ ಜಪಸರ.

ಕೆಲಸದ ವಿಚಾರಕ್ಕೆ ಬಂದರೆ, ಇಲ್ಲಿ ಮಣಿಗಳನ್ನು ದಾರದಲ್ಲಿ ಪೋಣಿಸುವುದಿಲ್ಲ. ಪ್ರತಿ ಮಣಿಯೊಳಗೆ ತಂತಿ ತೂರಿಸಿ, ಎರಡೂ ತುದಿಯನ್ನು ಚೂಪು ಮೂತಿಯ ಇಕ್ಕಳದಿಂದ ಕೊಕ್ಕೆಯಾಗಿ ಬಾಗಿಸಿ, ಮತ್ತೆರಡು ಸುತ್ತು ಬಿಗಿದು, ಒಂದಕ್ಕೊಂದು ಸೇರಿಸುತ್ತಾರೆ; ಆದ್ದರಿಂದ ಮುಂದೆ ಎಲ್ಲಿಯಾದರೂ ಒಂದು ಕೊಂಡಿ ಬಿಟ್ಟುಕೊಂಡರೂ ಇಡೀ ಸರ ಚೆಲ್ಲಾಪಿಲ್ಲಿಯಾಗುವುದಿಲ್ಲ. ಸರ ಕೂಡುವಲ್ಲಿದ್ದ, ಮುಖ ಅಳಿಸಿಹೋಗಿದ್ದ ಪದಕವನ್ನು ಅವರು ಉಜ್ಜಿ ಹೊಳಪು ಬರಿಸಲಿಲ್ಲ, ಕೇವಲ ಒರೆಸಿಕೊಟ್ಟರು. ಕಳೆದುಹೋದ ಎರಡು ಮಣಿಗಳ ಜಾಗಕ್ಕೆ ಅದೇ ಗಾತ್ರದ ಹೊಸ ಮರದ ಮಣಿಗಳನ್ನು ಹಾಕುವ ಮೊದಲು ಎಲ್ಲಿ ಹಾಕಲಿ ಎಂದು ಅಮ್ಮನನ್ನೇ ಕೇಳಿದರು. ವಿಶ್ವಾಸ, ಭರವಸೆ, ಪ್ರೀತಿಗಾಗಿ ಪ್ರಾರ್ಥಿಸುವ ಆರಂಭದ ಮೂರು ಮಣಿಗಳಲ್ಲಿ ಎರಡನ್ನು ಹೊಸದಾಗಿಸಿದರೆ, ಐದು ದಶಕಗಳ, ಅಂದರೆ ಹತ್ತು ಹತ್ತು ಮಣಿಗಳ ಐದು ಗುಂಪುಗಳ, ಐವತ್ತೂ ಮಣಿಗಳು ಅಜ್ಜಿ ಮುಟ್ಟಿದವೇ ಆಗಿರುತ್ತವೆ ಎಂಬುದು ಅಮ್ಮನ ಆಲೋಚನೆಯಾಗಿತ್ತು. ಅವರು ಹಾಗೆಯೇ ಮಾಡಿಕೊಟ್ಟರು.

ಕೊರತೆಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಹತ್ತು ದಿನ ಎಂದಿದ್ದ ಕೆಲಸಕ್ಕೆ ಮೂರು ವಾರ ಹಿಡಿಯಿತು, ಫೋನ್ ಮಾಡಿ ತಿಳಿಸುವ ರೂಢಿ ಅಲ್ಲಿಲ್ಲ, ರಸೀದಿಯನ್ನೂ ಕೊಡುವುದಿಲ್ಲ. ಇಂಥ ಬೆಲೆಕಟ್ಟಲಾಗದ ವಸ್ತುಗಳನ್ನು ನಂಬಿ ಒಪ್ಪಿಸುವವರಿಗೆ ಒಂದು ಚೀಟಿಯಾದರೂ ಸಿಗಬೇಕು. ಕೂಲಿಯಾಗಿ ಅವರು ಪಡೆದದ್ದು 350 ರೂಪಾಯಿ ಮಾತ್ರ. ಅಮ್ಮ ಹೆಚ್ಚಿಗೆ ಕೊಡಲು ಹೋದಾಗ ಬೇಡವೆಂದರು. ಹೊಸ ಮಣಿಗಳು ಸೇರಿರುವುದರಿಂದ ಗುರುಗಳ ಬಳಿ ಒಮ್ಮೆ ಮಂತ್ರಿಸಿಕೊಳ್ಳಿ ಎಂದು ನೆನಪಿಸಿ ಕಳುಹಿಸಿದರು.

ವರ್ಷದ ಪೂಜೆಯ ಸಂಜೆ ಮನೆಯವರೆಲ್ಲ ಕುಳಿತು ಅದೇ ಸರದಲ್ಲಿ ಜಪ ಮಾಡಿದೆವು. ಆ ಎರಡು ಹೊಸ ಮಣಿಗಳು ಇನ್ನೂ ಒರಟಾಗಿರುವುದರಿಂದ ಅಮ್ಮನ ಬೆರಳು ಅಲ್ಲಿ ಕ್ಷಣಕಾಲ ತಡೆಯಿತು. ಪದಕ ದಾಟಿ ಮೊದಲ ದಶಕಕ್ಕೆ ಬಂದ ಮೇಲೆ ಮಣಿಗಳು ತಾವೇ ಸರಿದವು.