ಕಣ್ಣಿಗೆ ಚುಚ್ಚದ ಟಾರ್ಚ್ ಯಾವುದು? ಬಳಸಿ ನೋಡಿದ ಹೋಲಿಕೆ

ಟಾರ್ಚ್ ಕೇಳಿದರೆ ಅಂಗಡಿಯವರು ಮೊದಲು ಅದನ್ನು ರಸ್ತೆಯಾಚೆಯ ಗೋಡೆಗೆ ಬಿಟ್ಟು ತೋರಿಸುತ್ತಾರೆ. ಎಷ್ಟು ದೂರ ಹೋಗುತ್ತದೆ ಅನ್ನುವುದೇ ಅವರಿಗೆ ಮುಖ್ಯ. ನನಗೆ ಬೇಕಿದ್ದದ್ದು ಅದರ ಉಲ್ಟಾ. ಮೂಡಿಗೆರೆ ಕಡೆ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿತ್ತು ಅಂದರೆ ಕರೆಂಟು ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ. ಅಂಥ ರಾತ್ರಿ ಮಂಚದಿಂದ ಬಚ್ಚಲಿಗೆ ಹೋಗಿ ಬರಲು, ಹೊಸ್ತಿಲು ಎಡವದಷ್ಟು ಬೆಳಕಿದ್ದರೆ ಸಾಕು. ಪಕ್ಕದಲ್ಲಿ ಮಲಗಿದವರಿಗೆ ಎಚ್ಚರ ಆಗಬಾರದು. ಒಮ್ಮೆ ಹಾಕಿದ ಸೆಲ್ ಮಳೆಗಾಲ ಪೂರ್ತಿ ಬರಬೇಕು.

ಎಷ್ಟು ಬೆಳಕು ಅಂದರೆ ಮಂದ? ಬೆಳಕನ್ನು ಲುಮೆನ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಒಂದು ಮೇಣದಬತ್ತಿ ಸುಮಾರು 12 ಲುಮೆನ್ ಬೆಳಕು ಕೊಡುತ್ತದೆ. ಕಣ್ಣು ಕತ್ತಲೆಗೆ ಹೊಂದಿಕೊಂಡಿದ್ದರೆ ಒಂದು ಲುಮೆನ್‌ಗಿಂತ ಕಡಿಮೆ ಇದ್ದರೂ ರೂಮು ಕಾಣುತ್ತದೆ. ಹಾಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ 20ರಿಂದ 30 ನಿಮಿಷ ಬೇಕು. ಜೋರು ಬೆಳಕು ಒಂದು ಸಲ ಮುಖಕ್ಕೆ ಬಿದ್ದರೆ ಮತ್ತೆ ಮೊದಲಿನಿಂದ ಶುರು.

ಮೊಬೈಲ್ ಟಾರ್ಚ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅತಿ ಕಡಿಮೆಗೆ ಇಟ್ಟರೂ ನಡುರಾತ್ರಿಗೆ ಅದು ಜಾಸ್ತಿಯೇ. ಮೇಲಾಗಿ ಕರೆಂಟಿಲ್ಲದ ದಿನ ಚಾರ್ಜ್ ಉಳಿಸಬೇಕಾದದ್ದೇ ಮೊಬೈಲಿನಲ್ಲಿ, ಅಲ್ವಾ?

ಗೋಡೆಯ ಪ್ಲಗ್ಗಿಗೆ ಚುಚ್ಚಿ ಚಾರ್ಜ್ ಮಾಡುವ ಟಾರ್ಚ್ ನಮ್ಮ ಕಡೆ ಮನೆಮನೆಯಲ್ಲೂ ಇದೆ. ಅಗ್ಗದವುಗಳಲ್ಲಿ ಹೆಚ್ಚಾಗಿ ಚಿಕ್ಕ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ. ಅದನ್ನು ಖಾಲಿ ಮಾಡಿ ಹಾಗೇ ಇಟ್ಟರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಗಟ್ಟಿ ಪದರ ಕಟ್ಟಿ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ನಮ್ಮನೆಯದು ಬೇಸಿಗೆಯಲ್ಲಿ ಕಪಾಟಿನಲ್ಲೇ ಸತ್ತಿತ್ತು. ಅದಕ್ಕಿದ್ದ ಎರಡು ಹಂತದಲ್ಲಿ ಚಿಕ್ಕದು ಕೂಡ ಇಡೀ ಹಜಾರ ಬೆಳಗುವಷ್ಟಿತ್ತು.

ಕೀ ಚೈನಿಗೆ ಹಾಕುವ ಪುಟ್ಟ ಲೈಟೂ ನೋಡಿದೆ. ಇದಕ್ಕೆ 2032 ಬಟನ್ ಸೆಲ್. ಅದರಲ್ಲಿರುವುದೇ ಸುಮಾರು 220 ಮಿಲಿಯಾಂಪ್ ಅವರ್ (ಸೆಲ್ಲಿನಲ್ಲಿ ಎಷ್ಟು ಚಾರ್ಜ್ ಇದೆ ಅನ್ನುವ ಅಳತೆ). ಹೊಸ ಸೆಲ್ಲಿನಲ್ಲಿ ಕಣ್ಣು ಕುಕ್ಕುತ್ತದೆ, ಸ್ವಲ್ಪ ಹೊತ್ತು ಉರಿಸಿದರೆ ಇಳಿಯುತ್ತದೆ. ಬೆರಳು ಒತ್ತಿಕೊಂಡೇ ಇರಬೇಕು. ಗೇಟಿನ ಬೀಗ ಹುಡುಕಲು ಪರವಾಗಿಲ್ಲ. ಚಿಕ್ಕ ಮಕ್ಕಳಿರುವ ಮನೆಗಾದರೆ ಬೇಡವೇ ಬೇಡ. ಬಟನ್ ಸೆಲ್ ನುಂಗಿದರೆ ಕೆಲವೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು.

ಇನ್ನು ನಿಜವಾದ ಪೈಪೋಟಿ ಎರಡರ ನಡುವೆ. ಒಂದು, ಗೋಡೆ ಗಡಿಯಾರಕ್ಕೆ ಹಾಕುವ ಒಂದೇ ಸೆಲ್ಲಿನ, ಆನ್‌ಲೈನಿನಲ್ಲಿ ತರಿಸಿದ ಟಾರ್ಚ್. ಇವುಗಳಲ್ಲಿ 'ಮೂನ್‌ಲೈಟ್' ಅನ್ನುವ ಹಂತ ಇರುತ್ತದೆ. ಬೆಳಕು ಒಂದು ಲುಮೆನ್ನಿಗೂ ಕಡಿಮೆ. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು, ಸೆಲ್ಲಿನಲ್ಲಿರುವುದು 1.5. ಅದಕ್ಕೇ ವೋಲ್ಟೇಜ್ ಏರಿಸುವ ಚಿಕ್ಕ ಸರ್ಕ್ಯೂಟ್ ಒಳಗಿರುತ್ತದೆ. ಒಳ್ಳೆಯ ಆಲ್ಕಲೈನ್ ಸೆಲ್ಲಿನಲ್ಲಿ 2000 ಮಿಲಿಯಾಂಪ್ ಅವರ್ ಮೇಲೆಯೇ ಇರುತ್ತದೆ. ಟಾರ್ಚ್ 10 ಮಿಲಿಯಾಂಪ್ ಕರೆಂಟು ಎಳೆದರೂ, ಭಾಗಿಸಿ ನೋಡಿದರೆ 200 ಗಂಟೆ ಬಂತು.

ಆದರೆ ಕೊಳ್ಳುವಾಗ ಲುಮೆನ್ನಿಗಿಂತ ಮೊದಲು ನೋಡಬೇಕಾದದ್ದು, ಸ್ವಿಚ್ ಒತ್ತಿದ ಕೂಡಲೇ ಯಾವ ಹಂತ ಬರುತ್ತದೆ ಅನ್ನುವುದು. ನಾನು ಮೊದಲು ತರಿಸಿದ್ದು ಜೋರಿನಿಂದ ಶುರುವಾಗಿ, ನಡುವಿನ ಹಂತ ದಾಟಿ, ಕೊನೆಗೆ ಮಂದಕ್ಕೆ ಬರುತ್ತಿತ್ತು. ಮಂದ ಬೆಳಕು ಬರುವಷ್ಟರಲ್ಲಿ ಮನೆಮಂದಿಯೆಲ್ಲ ಎದ್ದಾಯಿತು! ಎರಡನೆಯದು ಮಂದದಿಂದಲೇ ಶುರುವಾಗುತ್ತದೆ. ತಲೆ ತಿರುಗಿಸಿ ಹೊತ್ತಿಸುವಂಥದ್ದು, ಹಾಗಾಗಿ ಆರಿಸಿಟ್ಟಾಗ ಸೆಲ್ ಸುಮ್ನೆ ಸೋರಿಹೋಗುವುದಿಲ್ಲ. ಒಂದೇ ದೂರು: ರೀಚಾರ್ಜ್ ಸೆಲ್ ಹಾಕಿದರೆ ಕೊನೆಯಲ್ಲಿ ಮುನ್ಸೂಚನೆ ಕೊಡದೆ ಪಟ್ ಅಂತ ಆರುತ್ತದೆ. ಬೆಲೆ ಸಾವಿರ ದಾಟುತ್ತದೆ ಅನ್ನುವುದೂ ಇದೆ.

ಇನ್ನೊಂದು, ಸಂತೆಯಲ್ಲಿ ಸಿಗುವ ಮೂರು ರಿಮೋಟ್ ಸೆಲ್ಲಿನ ಅಗ್ಗದ ಎಲ್‌ಇಡಿ ಟಾರ್ಚ್. ತಂದ ಹಾಗೇ ಇದ್ದರೆ ಇದೂ ಪ್ರಯೋಜನವಿಲ್ಲ, ತುಂಬಾ ಜೋರು. ಗಾಜಿಗೆ ಕಾಗದ ಅಂಟಿಸಿದರೆ ಬೆಳಕು ಕಡಿಮೆಯಾಗುತ್ತದೆ, ಸೆಲ್ ಮಾತ್ರ ಅಷ್ಟೇ ಬೇಗ ಮುಗಿಯುತ್ತದೆ. ಅದರ ಬದಲು ಟಿವಿ ರಿಪೇರಿ ಅಂಗಡಿಯಲ್ಲಿ 1 ಕಿಲೋ ಓಮ್‌ನ ಒಂದು ರೆಸಿಸ್ಟರ್ ಕೇಳಿ. ಹರಿಯುವ ಕರೆಂಟನ್ನು ತಡೆದು ಕಡಿಮೆ ಮಾಡುವ, ಎರಡು ತುದಿಗೂ ತಂತಿಯಿರುವ ಪುಟ್ಟ ಬಿಡಿಭಾಗ ಅದು. ಮೈಮೇಲೆ ಕಂದು, ಕಪ್ಪು, ಕೆಂಪು ಪಟ್ಟಿ ಇರುತ್ತದೆ, ಬೆಲೆ ಒಂದೆರಡು ರೂಪಾಯಿ. ಹಾಲಿನ ಡಬ್ಬದ ಪ್ಲಾಸ್ಟಿಕ್ ಮುಚ್ಚಳದಿಂದ ಸೆಲ್ ಗೂಡಿನ ಅಗಲಕ್ಕೆ ಬಿಲ್ಲೆ ಕತ್ತರಿಸಿ, ನಡುವೆ ಸೂಜಿಯಿಂದ ತೂತು ಮಾಡಿ. ರೆಸಿಸ್ಟರಿನ ಒಂದು ತಂತಿಯನ್ನು ತೂರಿಸಿ ಆಚೆ ಬದಿಯಲ್ಲಿ ಸುರುಳಿ ಸುತ್ತಿ. ಇನ್ನೊಂದನ್ನು ಈಚೆ ಬದಿಯಲ್ಲೇ ಸುತ್ತಿ. ಆ ಬಿಲ್ಲೆಯನ್ನು ಸೆಲ್ ಗೂಡಿಗೂ ಹಿಂದಿನ ಮುಚ್ಚಳದ ಸ್ಪ್ರಿಂಗಿಗೂ ನಡುವೆ ಕೂರಿಸಿ ಮುಚ್ಚಿದರೆ ಆಯಿತು. ಬೆಸುಗೆ ಬೇಡ. ಎರಡು ತಂತಿ ಒಂದಕ್ಕೊಂದು ತಾಗಬಾರದು, ತಾಗಿದರೆ ಹಳೆಯ ಜೋರು ಬೆಳಕೇ ಬರುತ್ತದೆ, ಅಷ್ಟೇ.

ಮೂರು ಸೆಲ್ ಸೇರಿ 4.5 ವೋಲ್ಟ್, ಎಲ್‌ಇಡಿ ಪಾಲಿಗೆ ಮೂರರ ಹತ್ತಿರ. ಮಿಕ್ಕದ್ದು ರೆಸಿಸ್ಟರಿಗೆ. ಹರಿಯುವ ಕರೆಂಟು 2 ಮಿಲಿಯಾಂಪ್ ಒಳಗೇ. ಆಲ್ಕಲೈನ್ ರಿಮೋಟ್ ಸೆಲ್ಲಿನ 1000 ಮಿಲಿಯಾಂಪ್ ಅವರ್ ಲೆಕ್ಕ ಹಿಡಿದರೆ 500 ಗಂಟೆ. ರಾತ್ರಿಯಿಡೀ ಉರಿಸಿಟ್ಟರೂ ಚಿಂತೆಯಿಲ್ಲ. ಸೆಲ್ ಮುಗಿಯುತ್ತಾ ಬಂದಂತೆ ಬೆಳಕು ನಿಧಾನವಾಗಿ ಇಳಿಯುತ್ತದೆ, ಬದಲಾಯಿಸಲು ಸಮಯ ಸಿಗುತ್ತದೆ. ಅಮ್ಮನಿಗೆ ಎರಡನ್ನೂ ಕೊಟ್ಟು ನೋಡಿದೆ. "ಈ ತಿರುಗಿಸೋದೆಲ್ಲ ನಂಗೆ ಬೇಡ ಕಣೋ, ಆ ಗುಂಡಿ ಇರೋ ಬ್ಯಾಟ್ರಿನೇ ಇರಲಿ" ಅಂದರು. ನನ್ನ ಓಟೂ ಅದಕ್ಕೇ. ದುಬಾರಿಯದು ಬಸ್ಸಿನ ಬ್ಯಾಗಿಗೆ ಹೋಯಿತು.

ಕೆಂಪು ಬೆಳಕು ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ. ಕತ್ತಲೆಗೆ ಹೊಂದಿಕೊಂಡ ಕಣ್ಣನ್ನು ಅದು ಕೆಡಿಸುವುದು ಕಡಿಮೆ, ನಿಜ. ನಾನೂ ಕೆಂಪು ಜಿಲೇಟಿನ್ ಹಾಳೆ ಸುತ್ತಿ ನೋಡಿದೆ. ಆದರೆ ತೋಟದಿಂದ ಬಂದು ಕಾಲಿಗೆ ಇಂಬಳ ಕಚ್ಚಿದೆಯಾ ಅಂತ ನೋಡಿದರೆ, ಕೆಂಪು ಬೆಳಕಿನಲ್ಲಿ ರಕ್ತ ಕಾಣುವುದೇ ಇಲ್ಲ. ಹಾಳೆ ಕಿತ್ತು ಬಿಸಾಕಿದೆ.

ಇಷ್ಟೆಲ್ಲ ಮನೆಯೊಳಗಿನ ಮಾತು. ಅಂಗಳ ದಾಟುವುದಿದ್ದರೆ ಜೋರು ಟಾರ್ಚೇ ಹಿಡಿಯಿರಿ. ದಾರಿಯಲ್ಲಿ ಹಾವಿರಬಹುದು, ನಮ್ಮ ಕಡೆ, ಸಕಲೇಶಪುರದ ಕಡೆ ತೋಟದಲ್ಲಿ ಆನೆಯೂ ಇರಬಹುದು. ಆನೆ ಬಂದಿದೆ ಅಂತ ಸುದ್ದಿ ಇದ್ದ ರಾತ್ರಿ ಯಾವ ಟಾರ್ಚೂ ಬೇಡ, ಒಳಗೇ ಇರಿ.