ಉಯಿಲಿನಲ್ಲಿ ಚರ್ಚಿನ ಸಭೆಗೆ ಒಂದು ಪಾಲು ಬರೆಸಬೇಕೆನ್ನುವವರು ಈ ವಕೀಲೆಯ ಬಳಿ ಹೋಗಬಹುದು

ನನಗೆ ಮಕ್ಕಳಿಲ್ಲ. ತಂಗಿಯ ಮಕ್ಕಳಿದ್ದಾರೆ, ನಾನು ಹುಟ್ಟಿ ಬೆಳೆದ ಮಂಗಳೂರಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ ಇದೆ. ನನ್ನ ಕಾಲದ ನಂತರ ಉಳಿತಾಯದಲ್ಲಿ ಒಂದು ಪಾಲು ಸಭೆಗೆ ಸೇರಬೇಕೆಂಬುದು ಬಹಳ ದಿನದ ಆಸೆ. ಆದರೆ ಹಿಂದೆ ವಿಚಾರಿಸಿದ್ದ ವಕೀಲರೊಬ್ಬರು, "ಕ್ರೈಸ್ತರು ಚರ್ಚಿಗೆ ಬರೆದರೆ ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ" ಎಂದು ನನ್ನನ್ನು ಹೆದರಿಸಿ ಕಳುಹಿಸಿದ್ದರು.

ಈ ಕಚೇರಿಯ ವಕೀಲೆ ಆ ಮಾತು ಕೇಳಿದವರೇ ಕಾಯ್ದೆಯ ಪುಸ್ತಕ ತೆರೆದು ತೋರಿಸಿದರು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 118ನೇ ಕಲಮಿನ ಪ್ರಕಾರ, ಸೋದರಳಿಯ, ಸೋದರಸೊಸೆ ಅಥವಾ ಇನ್ನೂ ಹತ್ತಿರದ ಬಂಧುಗಳಿರುವವರು ಧರ್ಮಕಾರ್ಯಕ್ಕೆ ಆಸ್ತಿ ಬಿಡಬೇಕಾದರೆ ಸಾವಿಗೆ ಹನ್ನೆರಡು ತಿಂಗಳ ಮೊದಲೇ ಉಯಿಲು ಮಾಡಿ, ಅದನ್ನು ಆರು ತಿಂಗಳೊಳಗೆ ಠೇವಣಿ ಇಡಬೇಕಿತ್ತು. ಸಾಯುವ ದಿನವನ್ನು ಯಾರು ಬಲ್ಲರು! ಕೇರಳದ ಪಾದ್ರಿ ಜಾನ್ ವಲ್ಲಮಟ್ಟಂ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2003ರಲ್ಲೇ ಆ ಕಲಮನ್ನು ರದ್ದುಮಾಡಿದೆ. ಇಷ್ಟು ತಿಳಿಸಿಕೊಟ್ಟದ್ದಕ್ಕೇ ನಾನು ಅವರಿಗೆ ಋಣಿ.

ನಂತರ ಅವರು ಕೇಳಿದ್ದು: "ಸಭೆಗೆ ಎಂದರೆ ಯಾರಿಗೆ?" ಕಟ್ಟಡ ಒಬ್ಬರ ಹೆಸರಿನಲ್ಲಿ, ಬ್ಯಾಂಕ್ ಖಾತೆ ಇನ್ನೊಬ್ಬರ ಹೆಸರಿನಲ್ಲಿ ಇರಬಹುದು, ಹಣ ಪಡೆಯಲು ಕಾನೂನಿನಲ್ಲಿ ಹಕ್ಕಿರುವ ಸಂಸ್ಥೆಯ ಪೂರ್ಣ ಹೆಸರೇ ಉಯಿಲಿನಲ್ಲಿರಬೇಕು. ಸಭಾಪಾಲಕರಿಂದ ಅದನ್ನು ಬರೆಸಿಕೊಂಡು ಬಂದೆ.

ನನ್ನ ಮನಸ್ಸಿದ್ದುದು ಚರ್ಚಿನ ಹೆಂಚಿನ ಮಾಡಿನ ಮೇಲೆ. ಜೆಪ್ಪುವಿನ ಬಾಸೆಲ್ ಮಿಶನ್ ಕಾರ್ಖಾನೆಯಲ್ಲಿ ಅಜ್ಜ ಹೆಂಚು ಹೊತ್ತವರು. ಆಷಾಢದ ಮಳೆಯಲ್ಲಿ ಗಾಯಕರ ಬೆಂಚಿನ ಪಕ್ಕಕ್ಕೆ ಬಕೆಟ್ ಇಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. "ಹೆಂಚಿಗೆ ಮಾತ್ರ ಎಂದು ಕಟ್ಟಿಹಾಕಬೇಡಿ, ಆ ಹೊತ್ತಿಗೆ ಮಾಡೇ ಬದಲಾಗಿರಬಹುದು" ಎಂದು ಅವರು ಹೇಳಿದ್ದು ಸರಿಯೆನಿಸಿತು. ಮೊದಲು ಕಟ್ಟಡದ ದುರಸ್ತಿಗೆ, ಅದು ಬೇಡವಾದರೆ ಸಭೆಯ ಕಮಿಟಿ ತೀರ್ಮಾನಿಸುವ ಕೆಲಸಕ್ಕೆ ಎಂದು ಬರೆಸಿದೆವು. ಇಂತಿಷ್ಟು ರೂಪಾಯಿ ಎಂದು ಬರೆಸಲಿಲ್ಲ, ಖರ್ಚು ಕಳೆದು ಉಳಿದುದರಲ್ಲಿ ದಶಮಾಂಶ, ಅಂದರೆ ಹತ್ತರಲ್ಲೊಂದು ಪಾಲು. ಮಿಕ್ಕದ್ದು ತಂಗಿಯ ಮಕ್ಕಳಿಗೆ. ಅವರಿಗೂ ಮೊದಲೇ ತಿಳಿಸಿ ಎಂದರು, ತಿಳಿಸಿದ್ದೇನೆ.

ಉಯಿಲಿಗೆ ಸ್ಟಾಂಪ್ ಸುಂಕವಿಲ್ಲ. ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸಿದೆ. ನಾನು ಬದುಕಿರುವಷ್ಟು ಕಾಲ ಅದರ ನಕಲು ನನಗೆ ಅಥವಾ ನಾನು ನೇಮಿಸಿದವರಿಗೆ ಮಾತ್ರ ಸಿಗುತ್ತದೆ. ಮನಸ್ಸು ಬದಲಾದರೆ ಬೇರೆ ಉಯಿಲು ಬರೆಯಬಹುದು.

ಕೊರತೆಯೂ ಇದೆ. ಮೊದಲ ಕರಡು ಇಂಗ್ಲಿಷಿನಲ್ಲಿ ಬಂತು. ಕನ್ನಡದಲ್ಲಿ ಬೇಕೆಂದು ಪಟ್ಟು ಹಿಡಿದ ಮೇಲೆ ವಾರಗಟ್ಟಲೆ ಕಾಯಿಸಿದರು. ಸಹಿ ಹಾಕುವವರ ಭಾಷೆಯಲ್ಲೇ ಮೊದಲಿಗೆ ಬರೆಯಬೇಕು. ಕಚೇರಿ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಶುಲ್ಕವನ್ನು ಮೊದಲೇ ಹೇಳಿದರು, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಲಿಲ್ಲ.

ಹೋಗುವವರು ಇಬ್ಬರು ಸಾಕ್ಷಿಗಳನ್ನು ಗೊತ್ತುಮಾಡಿಕೊಂಡು ಹೋಗಿ. ಉಯಿಲಿನಲ್ಲಿ ಪಾಲು ಪಡೆಯುವವರಾಗಲಿ, ಅವರ ಗಂಡ ಅಥವಾ ಹೆಂಡತಿಯಾಗಲಿ ಸಾಕ್ಷಿ ಹಾಕಿದರೆ ಅವರ ಪಾಲು ಬಿದ್ದುಹೋಗುತ್ತದೆ.