ಬಿಳಿ ಫ್ರೇಮಿನ ಕನ್ನಡಕ: ಐದು ತಿಂಗಳು ಹಾಕಿ ನೋಡಿದ ಮೇಲೆ

ಉಡುಪಿಯ ಕೆ.ಎಂ. ಮಾರ್ಗದ ಒಂದು ಅಂಗಡಿಯಲ್ಲಿ ಬಿಳಿ ಫ್ರೇಮ್ ಉಂಟಾ ಎಂದು ಕೇಳಿದೆ. ಹುಡುಗ ಮಕ್ಕಳ ಟ್ರೇ ಎಳೆದ. ನನಗೇ ಬೇಕಾದ್ದು ಎಂದೆ. "ನಿಮ್ಮ ಪ್ರಾಯಕ್ಕೆ ಕಂದು ಚಂದ ಕಾಣ್ತದೆ ಟೀಚರ್" ಎಂದ. ಎದ್ದು ಬಂದೆ. ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರದ ಸಣ್ಣ ಅಂಗಡಿಯ ಯಜಮಾನರು ಮಾತ್ರ "ಬಿಳಿಯೇ ಯಾಕೆ?" ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕೂತು ಕೇಳಿದರು. ಇಲ್ಲಿ ಬರೆಯುತ್ತಿರುವುದು ಅವರು ಮಾಡಿಕೊಟ್ಟ ಕನ್ನಡಕದ ಬಗ್ಗೆ.

ನಾನು ಮೂವತ್ತು ವರ್ಷದಿಂದ ಶಾಲೆಯಲ್ಲಿ ಕನ್ನಡ ಕಲಿಸುತ್ತಾ ಮಕ್ಕಳ ನಾಟಕ ಮಾಡಿಸುತ್ತಿದ್ದೇನೆ. ಮಣಿಪಾಲದಲ್ಲಿ ಓದುವ ಅಣ್ಣನ ಮಗಳು ಕಳೆದ ಮಳೆಗಾಲದಲ್ಲಿ ಲ್ಯಾಪ್‌ಟಾಪಿನಲ್ಲಿ ಲೀನಾ ವೆರ್ಟ್‌ಮ್ಯೂಲರ್ ಸಿನಿಮಾಗಳನ್ನು ಒಂದರ ಹಿಂದೆ ಒಂದು ತೋರಿಸಿದಳು. ಇಟಲಿಯ ನಿರ್ದೇಶಕಿ, ರೋಮ್‌ನಲ್ಲಿ 1928ರಲ್ಲಿ ಹುಟ್ಟಿದವರು. ಯಾವ ಫೋಟೋ ನೋಡಿದರೂ ಮುಖದ ಮೇಲೆ ದಪ್ಪ ಬಿಳಿ ಕನ್ನಡಕ. ಅವರ ಬಗ್ಗೆ 2015ರಲ್ಲಿ ಬಂದ ಸಾಕ್ಷ್ಯಚಿತ್ರದ ಹೆಸರಿನಲ್ಲೂ ಅದೇ ಬಿಳಿ ಕನ್ನಡಕ. ಸಿನಿಮಾಕ್ಕೆ ಬರುವ ಮೊದಲು ಅವರು ಗೊಂಬೆಯಾಟದ ತಂಡದೊಂದಿಗೆ ಊರೂರು ತಿರುಗಿದ್ದರಂತೆ. ಉಪ್ಪಿನಕುದ್ರಿನ ಗೊಂಬೆಯಾಟ ನೋಡಿ ಬೆಳೆದ ನನಗೆ ಅಲ್ಲೇ ಅವರು ಹತ್ತಿರವಾದರು.

ಫ್ರೇಮಿನ ವಿಷಯ ಹೇಳುತ್ತೇನೆ. ಬಿಳಿ ಫ್ರೇಮಿನಲ್ಲಿ ಎರಡು ಜಾತಿ. ಒಂದು ಪ್ಲಾಸ್ಟಿಕ್ಕಿಗೆ ಬಣ್ಣ ಹೊಡೆದದ್ದು, ಇನ್ನೊಂದು ಒಳಗೂ ಹೊರಗೂ ಬಿಳಿಯೇ ಇರುವ ಅಸಿಟೇಟ್ ಎಂಬ ಬೇರೆ ಬಗೆಯ ಪ್ಲಾಸ್ಟಿಕ್. ಯಜಮಾನರು ಮೊದಲನೆಯದರ ಕಡ್ಡಿ ಬಿಡಿಸಿ, ತಿರುಪಿನ ಹತ್ತಿರ ಬಣ್ಣ ಎದ್ದದ್ದು ತೋರಿಸಿದರು. ನಮ್ಮ ಬೆವರಿಗೆ, ಮಲ್ಪೆ ಕಡೆಯ ಉಪ್ಪುಗಾಳಿಗೆ ಅದು ಒಂದು ವರ್ಷವೂ ಬಾಳುವುದಿಲ್ಲ ಎಂದರು. ಅಸಿಟೇಟ್ ತರಿಸಲು ಎಂಟು ದಿನ ಬೇಕಾಯಿತು. ಫ್ರೇಮಿಗೆ 2,800 ರೂಪಾಯಿ, ಮೇಲಿಂದ ದೂರದ್ದು, ಕೆಳಗಿಂದ ಹತ್ತಿರದ್ದು ಕಾಣುವ ಪ್ರೋಗ್ರೆಸ್ಸಿವ್ ಲೆನ್ಸಿಗೆ 6,500. ಕಡಿಮೆಯಲ್ಲ. ಆದರೆ ಬಿಸಿಗಾಳಿ ಹಿಡಿದು ಕಡ್ಡಿಯನ್ನು ನನ್ನ ಕಿವಿಗೆ ಸರಿಯಾಗಿ ಬಗ್ಗಿಸಿಕೊಟ್ಟದ್ದರಿಂದ, ಬಗ್ಗಿ ನೆಲದ ಮೇಲಿನ ಬಣ್ಣದ ಡಬ್ಬಿ ಎತ್ತಿದರೂ ಜಾರುವುದಿಲ್ಲ.

ನಿಜವಾದ ಪರೀಕ್ಷೆ ನಡೆದದ್ದು ನಾಟಕದ ಪ್ರಾಕ್ಟೀಸಿನಲ್ಲಿ. ನಾಟಕ ಮಾಡಿಸುವವಳಿಗೆ ತೊಡೆಯ ಮೇಲಿನ ಸ್ಕ್ರಿಪ್ಟೂ ಕಾಣಬೇಕು, ಮೂವತ್ತು ಅಡಿ ಆಚೆ ನಿಂತ ಮಗುವಿನ ಕಣ್ಣೂ ಕಾಣಬೇಕು. ಮೊದಲು ಮಾಡಿಸಿದ ಲೆನ್ಸಿನಲ್ಲಿ, ಕಣ್ಣಿನ ಪಾಪೆ ಎಲ್ಲಿ ಬರುತ್ತದೆಂದು ಹಾಕುವ ಗುರುತು ಮೇಲಾಗಿ ಬಿದ್ದಿತ್ತು. ವೇದಿಕೆ ನೋಡಲು ತಲೆ ಬಗ್ಗಿಸಬೇಕಿತ್ತು, ಸಂಜೆಗೆ ಕುತ್ತಿಗೆ ನೋವು. ಹೋಗಿ ಹೇಳಿದೆ. ಯಜಮಾನರು ವಾದ ಮಾಡಲಿಲ್ಲ. ನನ್ನನ್ನು ನೇರ ಕೂರಿಸಿ, ಕಣ್ಣಿನ ಪಾಪೆಯ ಎದುರಿಗೆ ಮಾರ್ಕರ್ ಚುಕ್ಕಿ ಮತ್ತೆ ಹಾಕಿ, ಹಣ ತೆಗೆದುಕೊಳ್ಳದೆ ಹೊಸ ಲೆನ್ಸ್ ಮಾಡಿಸಿದರು. ಈಗ ಸಾಲು ಓದಿ ಕಣ್ಣೆತ್ತಿದರೆ ಸಾಕು, ರಾಮನ ಪಾತ್ರದ ಹುಡುಗ ಅಳು ನುಂಗುತ್ತಿರುವುದು ಸ್ಪಷ್ಟ.

ಹಾಗೆ ಕಣ್ಣೆತ್ತಿದಾಗಲೆಲ್ಲ ಲೀನಾ ನೆನಪಾಗುತ್ತಾರೆ. ಇಟಲಿಯ ದೊಡ್ಡ ನಿರ್ದೇಶಕ ಫೆಲಿನಿಗೆ ಸಹಾಯಕಿಯಾಗಿದ್ದು, 1963ರಲ್ಲಿ ಸ್ವಂತ ಸಿನಿಮಾ ಮಾಡಿದರು, ದಕ್ಷಿಣ ಇಟಲಿಯ ಸಣ್ಣ ಊರೊಂದರಲ್ಲಿ ಏನೂ ಮಾಡದೆ ದಿನ ಕಳೆಯುವ ಹುಡುಗರ ಕತೆ. ಹೆಸರು ಬಂದದ್ದು 1972ರಿಂದ ಈಚೆಗೆ, ನಾಲ್ಕೈದು ವರ್ಷಗಳಲ್ಲಿ. ಜ್ಯಾಂಕಾರ್ಲೊ ಜ್ಯಾನ್ನೀನಿ ಎಂಬ ನಟನನ್ನು ಮತ್ತೆ ಮತ್ತೆ ಹಾಕಿಕೊಂಡರು. ಅವರ ಸಿನಿಮಾದಿಂದಲೇ ಆತನಿಗೆ 1973ರಲ್ಲಿ ಫ್ರಾನ್ಸಿನ ಕಾನ್ ಸಿನಿಮಾ ಉತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಕಲಾ ವಿನ್ಯಾಸ ಗಂಡ ಎನ್ರಿಕೊ ಯೋಬ್ ಅವರದ್ದು. ದ್ವೀಪದಲ್ಲಿ ಸಿಕ್ಕಿಬಿದ್ದ ಶ್ರೀಮಂತ ಹೆಂಗಸು ಮತ್ತು ನಾವಿಕನ ಸಿನಿಮಾ ನನಗೆ ಹಿಡಿಸಲೇ ಇಲ್ಲ. ಆ ಹೊಡೆತಗಳನ್ನು ನೋಡಲಾಗದೆ ಎದ್ದು ಹೋಗಿ ಚಾ ಇಟ್ಟೆ. ಮರುದಿನ ನೋಡಿದ 1975ರ 'ಸೆವೆನ್ ಬ್ಯೂಟೀಸ್' ಬೇರೆಯೇ. ನಾಜಿ ಕ್ಯಾಂಪಿನಲ್ಲಿ ಜೀವ ಉಳಿಸಿಕೊಳ್ಳಲು ಒಬ್ಬ ಸಣ್ಣ ಮನುಷ್ಯ ಎಷ್ಟು ಕೆಳಗೆ ಇಳಿಯುತ್ತಾನೆಂದು ತೋರಿಸುತ್ತಾರೆ, ಅವನನ್ನು ಬೈಯುವುದೂ ಇಲ್ಲ, ಬಿಟ್ಟುಕೊಡುವುದೂ ಇಲ್ಲ. ಅದಕ್ಕೆ 1977ರಲ್ಲಿ ಆಸ್ಕರ್ ನಿರ್ದೇಶನ ವಿಭಾಗದಲ್ಲಿ ನಾಮನಿರ್ದೇಶನ. ಆ ವಿಭಾಗದಲ್ಲಿ ಹೆಂಗಸೊಬ್ಬರ ಹೆಸರು ಬಂದದ್ದು ಅದೇ ಮೊದಲು. ಪ್ರಶಸ್ತಿ ಬರಲಿಲ್ಲ. ಎರಡನೆಯ ಹೆಂಗಸಿನ ಹೆಸರು ಬರಲು, ನ್ಯೂಜಿಲೆಂಡಿನ ನಿರ್ದೇಶಕಿ ಜೇನ್ ಕ್ಯಾಂಪಿಯನ್ ಅವರದ್ದು, 1994 ಆಗಬೇಕಾಯಿತು.

ನಮ್ಮಲ್ಲೂ ಮಕ್ಕಳ ರಂಗಭೂಮಿಯಲ್ಲಿ ದುಡಿದ ಪ್ರೇಮಾ ಕಾರಂತರು ಸಿನಿಮಾ ನಿರ್ದೇಶಿಸಿದ್ದರು. ಆದರೂ ಶಾಲೆಯ ವಾರ್ಷಿಕೋತ್ಸವದ ದಿನ ಲೈಟಿನವರು "ಡೈರೆಕ್ಟರ್ ಎಲ್ಲಿದ್ದಾರೆ?" ಎಂದು ನನ್ನನ್ನೇ ಕೇಳುತ್ತಿದ್ದರು. ಈ ವರ್ಷ ಕೇಳಲಿಲ್ಲ. ಕತ್ತಲ ಹಾಲಿನಲ್ಲಿ ಬಿಳಿ ಫ್ರೇಮ್ ದೂರದಿಂದಲೇ ಕಾಣುತ್ತದೆ, ನೇರ ನನ್ನ ಹತ್ತಿರ ಬಂದರು. ಇದಕ್ಕೇ ನಾನು ಬಿಳಿ ಬೇಕೆಂದು ಹಟ ಹಿಡಿದದ್ದು.

ತೊಂದರೆಗಳೂ ಉಂಟು. ಮೂಗಿನ ಮೇಲೆ ಕೂರುವ ಜಾಗ ಮೂರನೆಯ ತಿಂಗಳಿಗೇ ಹಳದಿಯಾಗತೊಡಗಿತು. ತಲೆಗೆ ಹಚ್ಚಿದ ತೆಂಗಿನೆಣ್ಣೆ ಕಡ್ಡಿಗೆ ತಾಗಿ ಅಲ್ಲೂ ಅದೇ. ರಾತ್ರಿ ಪಾತ್ರೆ ಸೋಪಿನ ಒಂದು ಹನಿ ಹಾಕಿ ತಣ್ಣೀರಲ್ಲಿ ತೊಳೆದು ಒರೆಸಿಟ್ಟರೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಮೊದಲ ಹತ್ತು ದಿನ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳಿ. ಲೆನ್ಸಿನ ಕೆಳಭಾಗದಲ್ಲಿ ಮೆಟ್ಟಿಲು ಮಸುಕು, ವೇದಿಕೆಯಿಂದ ಇಳಿಯುವಾಗ ನಾನು ಒಮ್ಮೆ ಮುಗ್ಗರಿಸಿದೆ.

ಲೀನಾಗೆ 2019ರಲ್ಲಿ, 91ನೆಯ ವಯಸ್ಸಿನಲ್ಲಿ, ಗೌರವ ಆಸ್ಕರ್ ಕೊಟ್ಟರು. ಆ ಪ್ರತಿಮೆಗೆ ಆಸ್ಕರ್ ಬದಲು ಆನ್ನಾ ಎಂದು ಹೆಣ್ಣಿನ ಹೆಸರಿಡಿ ಎಂದರಂತೆ. 2021ರಲ್ಲಿ ತೀರಿಹೋದರು. ಅಂಗಡಿಯ ಯಜಮಾನರಿಗೆ ಅವರ ಫೋಟೋ ಫೋನಿನಲ್ಲಿ ತೋರಿಸಿದೆ. ತುಂಬ ಹೊತ್ತು ನೋಡಿ, "ಇವರದ್ದು ನಿಮ್ಮದಕ್ಕಿಂತ ದಪ್ಪ ಉಂಟು ಟೀಚರ್, ಮುಂದಿನ ಸಲ ಹಾಗಿದ್ದೇ ತರಿಸುವ" ಎಂದರು.